ಸೇತುವೆಯಾಚೆಯ ಎರಡು ಮೋರಿಗಳು

2024ರ ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ರೈಲು ಹಳಿಯ ಕೆಳಗಿನ ಮಣ್ಣು ಜಾರಿತು. ಎರಡು ಮೂರು ದಿನ ಕಳೆದ ಮೇಲೆ ಮಗ ನನ್ನ ಫೋನಿಗೊಂದು ಚಿತ್ರ ಕಳಿಸಿದ. ರೈನ್‌ಕೋಟು ಹಾಕಿಕೊಂಡ ಕೂಲಿಯವರು ಸಾಲಾಗಿ ನಿಂತು ಮರಳುಮೂಟೆ ದಾಟಿಸುತ್ತಿದ್ದಾರೆ, ಹಿಂದೆ ಮಂಜು, ಮಂಜಿನೊಳಗೆ ಕೆಂಪು ಗಾಯದಂತೆ ಬಿರಿದ ಗುಡ್ಡ. ‘ಅಪ್ಪಾ, ಇದು ನೀವು ಕೆಲಸ ಮಾಡಿದ ಜಾಗ ಅಲ್ವಾ?’ ಎಂದು ಕೆಳಗೆ ಬರೆದಿದ್ದ.

ಅಲ್ಲ. ಚಿತ್ರವನ್ನು ದೊಡ್ಡದು ಮಾಡಿ, ತಿರುವು ನೋಡಿ, ಗುಡ್ಡದ ಇಳಿಜಾರು ನೋಡಿ ಖಾತ್ರಿ ಮಾಡಿಕೊಂಡೆ. ನನ್ನ ಜಾಗ ಅದಲ್ಲ. ಆದರೂ ಅವನಿಗೆ ‘ಅಲ್ಲ’ ಎಂದು ಎರಡಕ್ಷರ ಬರೆಯಲು ಕೈ ಬರಲಿಲ್ಲ. ಅವನಿಗೆ ಗೊತ್ತಿರುವುದು ಅಪ್ಪ ಒಂದು ಕಾಲದಲ್ಲಿ ರೈಲು ಓಡದ ಘಟ್ಟದ ಹಳಿಯ ಮೇಲೆ ಹತ್ತು ದಿನ ನಡೆದಿದ್ದ ಅನ್ನುವಷ್ಟೇ. ಆ ಕಥೆಯನ್ನು ಅವನು ಚಿಕ್ಕವನಿದ್ದಾಗ ಹತ್ತಾರು ಸಲ ಹೇಳಿದ್ದೇನೆ. ಆನೆ ಲದ್ದಿ, ಸುರಂಗದ ಬಾವಲಿ, ಕೆಂಪುಹೊಳೆಯ ತಣ್ಣೀರು ಎಲ್ಲವೂ ಅದರಲ್ಲಿದೆ. ಆ ಕಥೆಯಲ್ಲಿ ನಾನು ಎಲ್ಲ ಸೇತುವೆಗಳನ್ನೂ ದಾಟುತ್ತೇನೆ.

ಆ ಘಟ್ಟದ ಹಳಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಸುಮಾರು 55 ಕಿಲೋಮೀಟರು ದಾರಿ. ಮೇಲಿನ ಸ್ಟೇಷನ್ನು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಕೆಳಗಿನದು ಸುಮಾರು 110. ಈ ಎಂಟುನೂರು ಮೀಟರ್ ಇಳಿಯುವುದಕ್ಕೆ 57 ಸುರಂಗ ಕೊರೆದು 109 ಸೇತುವೆ ಕಟ್ಟಿದರು. ಹಾಸನ–ಮಂಗಳೂರು ಮಾರ್ಗ ಪೂರ್ತಿಯಾಗಿ ತೆರೆದದ್ದು 1979ರಲ್ಲಿ. ಆಚೆ ದಂಡೆಯಲ್ಲಿ ಶಿರಾಡಿಯ ರಸ್ತೆ ಹೊಳೆಯ ಪಕ್ಕದಲ್ಲೇ ಹಾವಿನಂತೆ ಹೊರಳಿಕೊಂಡು ಇಳಿಯುತ್ತದೆ. ಲಾರಿಗೆ ಆ ಸ್ವಾತಂತ್ರ್ಯವಿದೆ, ರೈಲಿಗಿಲ್ಲ. ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಇಳಿಯಬಹುದು, ಕಡಿದಾದಷ್ಟೂ ಕಬ್ಬಿಣದ ಮೇಲೆ ಕಬ್ಬಿಣ ಜಾರುತ್ತದೆ, ಬ್ರೇಕು ಕಾಯುತ್ತದೆ. ಹಾಗಾಗಿ ಹಳಿ ಗುಡ್ಡದ ಸೊಂಟವನ್ನು ಹಿಡಿದುಕೊಂಡು, ಒಂದು ಕಣಿವೆ ಬಿಟ್ಟು ಇನ್ನೊಂದರ ಒಳಕ್ಕೆ ಹೊಕ್ಕು, ಗುಡ್ಡ ಮೂಗು ತೂರಿಸಿದಲ್ಲೆಲ್ಲ ಸುರಂಗವಾಗಿ, ಝರಿ ಬಂದಲ್ಲೆಲ್ಲ ಸೇತುವೆಯಾಗಿ ಇಳಿಯುತ್ತದೆ. 1996ರಲ್ಲಿ ಮೀಟರ್ ಗೇಜನ್ನು ಬ್ರಾಡ್ ಗೇಜ್ ಮಾಡಬೇಕೆಂದು ಓಡಾಟ ನಿಲ್ಲಿಸಿದರು. ಅಷ್ಟೆಲ್ಲ ಕಷ್ಟಪಟ್ಟು ಕಟ್ಟಿದ್ದು ಆಗ ಓಡಿದ್ದು ಹದಿನೇಳೇ ವರ್ಷ. ಮತ್ತೆ ಗೂಡ್ಸ್ ಬಂದದ್ದು 2006ರಲ್ಲಿ, ಜನರನ್ನು ಕೂರಿಸಿಕೊಂಡ ರೈಲು ಬಂದದ್ದು 2007ರ ಡಿಸೆಂಬರಿನಲ್ಲಿ. ನಡುವಿನ ಹತ್ತು ವರ್ಷ ಘಟ್ಟ ಅನಾಥವಾಗಿತ್ತು. ಮಂಗಳೂರಿಗೆ ಹೋಗುವವರು ಶಿರಾಡಿಯ ಬಸ್ಸು ಹಿಡಿದರು, ಹಳಿಯ ಮೇಲೆ ಬೆಂಗಳೂರಿನ ಚಾರಣದ ಹುಡುಗರು ನಡೆದರು.

1999ರ ಜನವರಿಯಲ್ಲಿ ನನಗೆ ಇಪ್ಪತ್ತಾರು. ಸಿವಿಲ್ ಡಿಪ್ಲೊಮಾ ಮುಗಿಸಿ ಹಾಸನದಲ್ಲಿ ಒಂದು ಸಣ್ಣ ಸರ್ವೆ ಕಂಪನಿಯಲ್ಲಿದ್ದೆ. ಯಾರದೋ ಉಪಗುತ್ತಿಗೆಯ ಉಪಗುತ್ತಿಗೆಯಾಗಿ ನಮ್ಮವರಿಗೆ ಒಂದು ತುಂಡು ಕೆಲಸ ಸಿಕ್ಕಿತ್ತು: ಎಡಕುಮೇರಿಯ ಆಚೀಚೆ ಒಂಬತ್ತು ಕಿಲೋಮೀಟರಿನಲ್ಲಿ ಇರುವ ಮೋರಿ, ಚರಂಡಿ, ತಡೆಗೋಡೆಗಳನ್ನು ಎಣಿಸಿ, ಅಳೆದು, ಅವುಗಳ ಸ್ಥಿತಿ ಬರೆದುಕೊಂಡು ಬರುವುದು. ಜೊತೆಗೆ ಚೈನು ಹಿಡಿಯುವ ಒಬ್ಬ ಹುಡುಗ. ದಾರಿ ತೋರಿಸಲಿಕ್ಕೆ ದೋಣಿಗಾಲ್ ಕಡೆಯ ಒಬ್ಬ ಹಿರಿಯರು. ಅವರು ಇದೇ ಹಳಿಯ ಮೇಲೆ ಗ್ಯಾಂಗಿನ ಮೇಟ್ ಆಗಿದ್ದು ನಿವೃತ್ತರಾದವರು, ಕಂಪನಿಯವರು ದಿನಗೂಲಿಯ ಮೇಲೆ ಕರೆಸಿದ್ದರು. ನಾವು ಮೇಟಣ್ಣ ಎನ್ನುತ್ತಿದ್ದೆವು. ಅವರು ನನ್ನನ್ನು ಸ್ವಾಮಿ ಎನ್ನುತ್ತಿದ್ದರು. ಅವರ ವಯಸ್ಸಿಗೆ ನಾನು ಮೊಮ್ಮಗನಾಗಬೇಕಿತ್ತು.

ಆ ಹತ್ತು ದಿನದಲ್ಲಿ ನಾನು ಕಲಿತಷ್ಟನ್ನು ಕಾಲೇಜಿನ ಮೂರು ವರ್ಷದಲ್ಲಿ ಕಲಿತಿರಲಿಲ್ಲ. ಘಟ್ಟದ ರೈಲೆಂದರೆ ಎಲ್ಲರೂ ಸುರಂಗ ನೋಡುತ್ತಾರೆ, ಸೇತುವೆ ನೋಡುತ್ತಾರೆ. ಮೇಟಣ್ಣ ನೋಡುತ್ತಿದ್ದುದು ನೀರನ್ನು. ಗುಡ್ಡದ ಓರೆಯಲ್ಲಿ ಹಳಿ ಹಾಕಬೇಕಾದರೆ ಮೇಲ್ಬದಿಯನ್ನು ಕಡಿಯುತ್ತಾರೆ, ಕಡಿದ ಮಣ್ಣನ್ನೇ ಕೆಳಬದಿಗೆ ತುಂಬುತ್ತಾರೆ. ಹಳಿಯ ಒಂದು ಕಾಲು ಗಟ್ಟಿ ನೆಲದ ಮೇಲಿದ್ದರೆ ಇನ್ನೊಂದು ಕಾಲು ಮನುಷ್ಯ ತಂದು ಸುರಿದ ಮಣ್ಣಿನ ಮೇಲೆ. ಮಳೆಗಾಲದಲ್ಲಿ ಗುಡ್ಡ ಕುಡಿದ ನೀರೆಲ್ಲ ಆ ಸುರಿದ ಮಣ್ಣನ್ನೇ ಹುಡುಕಿಕೊಂಡು ಬರುತ್ತದೆ. ಅದನ್ನು ತಡೆಯಲು ಕಡಿತದ ನೆತ್ತಿಯಲ್ಲೊಂದು ಚರಂಡಿ, ಹಳಿಯ ಪಕ್ಕಕ್ಕೊಂದು ಚರಂಡಿ, ಅವೆರಡೂ ತಂದ ನೀರನ್ನು ಹಳಿಯ ಅಡಿಯಿಂದ ಆಚೆ ದಾಟಿಸಲಿಕ್ಕೆ ಮೋರಿ. ಇಷ್ಟೇ ಏರ್ಪಾಡು. ಇದರಲ್ಲಿ ಒಂದು ಕಡೆ ಬಾಯಿ ಕಟ್ಟಿದರೂ ನೀರು ನಿಲ್ಲುತ್ತದೆ. ನಿಂತ ನೀರು ಸುಮ್ಮನಿರುವುದಿಲ್ಲ, ಮಣ್ಣಿನ ಒಳಗೇ ಹೊಸ ದಾರಿ ಮಾಡಿಕೊಳ್ಳುತ್ತದೆ.

ಎರಡನೇ ದಿನವೋ ಮೂರನೇ ದಿನವೋ ಒಂದು ತಡೆಗೋಡೆಯ ಮುಂದೆ ಅವರು ನಿಂತರು. ಕಲ್ಲಿನ ಗೋಡೆಯಲ್ಲಿ ಸಾಲಾಗಿ ತೂತುಗಳಿದ್ದವು. ಹಿಂದಿನ ಮಣ್ಣು ನೆನೆದಾಗ ನೀರು ಸೋರಿಹೋಗಲೆಂದು ಬಿಟ್ಟವು. ಬಿದಿರಿನ ಕಡ್ಡಿಯೊಂದನ್ನು ಮುರಿದು ಒಂದು ತೂತಿಗೆ ಮೊಳದುದ್ದ ತೂರಿಸಿ, ತಿರುವಿ, ಹೊರಗೆಳೆದರು. ಕಡ್ಡಿಯ ತುದಿಗೆ ಜೇಡಿ ಅಂಟಿತ್ತು. ಅದನ್ನು ಬೆರಳಿಂದ ಉಜ್ಜಿ, ಮೂಸಿ, ಪಕ್ಕದ ತೂತಿಗೆ ಹೋದರು. ಅಲ್ಲಿಂದ ಜನವರಿಯಲ್ಲೂ ತೊಟ್ಟಿಕ್ಕುತ್ತಿತ್ತು. ಅಂಗೈ ಒಡ್ಡಿ ನೀರು ಹಿಡಿದು ನನ್ನ ಕಣ್ಣ ಮುಂದೆ ತಂದರು.

“ತಿಳಿಯಾಗದೆ ನೋಡಿ. ತಿಳಿ ನೀರು ಬಂದ್ರೆ ಗೋಡೆ ಉಸಿರಾಡ್ತಾ ಅದೆ ಅಂತ. ಬಗ್ಗಡ ಬಂದ್ರೆ ಹಿಂದ್ಗಡೆ ಮಣ್ಣು ಹೊರಟದೆ ಅಂತ. ಏನೂ ಬರ್ದಿದ್ರೆ ಓಡಬೇಕು ಸ್ವಾಮಿ.”

ನಾನು ಅದನ್ನು ಡೈರಿಯಲ್ಲಿ ಬರೆದುಕೊಂಡೆ. ಬರೆದುಕೊಳ್ಳುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ.

ಕಂಪನಿ ಕೊಟ್ಟ ಫಾರಂನಲ್ಲಿ ಹನ್ನೊಂದು ಕಾಲಂ. ಒಂಬತ್ತನೆಯದು ‘ಸ್ಥಿತಿ’. ಅಲ್ಲಿ ಮೂರರಲ್ಲಿ ಒಂದನ್ನು ಬರೆಯಬೇಕು: ಉತ್ತಮ, ಸಾಧಾರಣ, ಕೆಟ್ಟಿದೆ. ‘ಕೆಟ್ಟಿದೆ’ ಎಂದು ಬರೆದರೆ ಫೋಟೊ ಬೇಕು, ಕೈನಕ್ಷೆ ಬೇಕು, ಹೂಳಿನ ಆಳ ಅಳೆದಿರಬೇಕು. ಮೂವತ್ತಾರು ಫೋಟೊದ ಎರಡು ರೀಲು ಕೊಟ್ಟಿದ್ದರು. ಉಳಿದ ಎರಡು ಪದಗಳಿಗೆ ಯಾವ ಸಾಕ್ಷಿಯೂ ಬೇಕಿರಲಿಲ್ಲ. ಆ ಫಾರಂ ಮಾಡಿದವರು ಸೋಮಾರಿಗೆ ಎಂಥ ಅನುಕೂಲ ಮಾಡಿಕೊಟ್ಟಿದ್ದರು ಎಂದು ಈಗ ಅನ್ನಿಸುತ್ತದೆ. ಆದರೆ ನಾನು ಸೋಮಾರಿಯಾಗಿರಲಿಲ್ಲ. ಸೋಮಾರಿಯೆಂದು ಒಪ್ಪಿಕೊಳ್ಳುವುದು ಇಷ್ಟು ಕಷ್ಟವೂ ಆಗುತ್ತಿರಲಿಲ್ಲ.

ನನಗೆ ಎತ್ತರವೆಂದರೆ ಭಯ. ಚಿಕ್ಕಂದಿನಿಂದ. ಊರಿನ ಬಾವಿಕಟ್ಟೆಯ ಮೇಲೆ ಕೂತವನಲ್ಲ. ಸಿವಿಲ್ ಓದಿದವನಿಗೆ ಇದು ನಾಚಿಕೆಯ ಸಂಗತಿ, ಹಾಗಾಗಿ ಯಾರಿಗೂ ಹೇಳಿರಲಿಲ್ಲ. ಘಟ್ಟದ ಗರ್ಡರ್ ಸೇತುವೆಗಳಿಗೆ ತಳವಿಲ್ಲ. ಎರಡು ಕಬ್ಬಿಣದ ತೊಲೆ, ತೊಲೆಯ ಮೇಲೆ ಅಡ್ಡಡ್ಡ ಮರದ ಸ್ಲೀಪರು, ಸ್ಲೀಪರಿನ ಮೇಲೆ ಹಳಿ. ಸ್ಲೀಪರುಗಳ ಸಂದಿಯಲ್ಲಿ ಕಾಣುವುದು ಬಂಡೆ, ನೀರು, ಮರದ ನೆತ್ತಿ. ನಡೆಯಲೆಂದು ನಡುವೆ ತಗಡಿನ ಪಟ್ಟಿ ಹಾಸಿರುತ್ತಾರೆ. ಮೂರು ಮಳೆಗಾಲ ಯಾರೂ ನೋಡದೆ ಬಿಟ್ಟದ್ದರಿಂದ ಕೆಲವು ಕಡೆ ಅದು ತುಕ್ಕು ತಿಂದು ಹಪ್ಪಳದಂತಾಗಿತ್ತು. ಸಣ್ಣ ಸೇತುವೆಗಳನ್ನು ಹೇಗೋ ದಾಟಿದ್ದೆ. ಮೇಟಣ್ಣನ ಹೆಗಲ ಮೇಲಿನ ಕೆಂಪು ಟವೆಲಿನ ಅಂಚಿಗೆ ಕಣ್ಣು ನೆಟ್ಟು, ಮನಸ್ಸಿನಲ್ಲೇ ಹೆಜ್ಜೆ ಎಣಿಸುತ್ತಾ, ಆಚೆ ದಡ ಮುಟ್ಟಿದ ಮೇಲೆ ಬೂಟಿನ ಲೇಸು ಕಟ್ಟುವ ನೆಪದಲ್ಲಿ ಕೂತು ಕಾಲಿನ ನಡುಕ ನಿಲ್ಲಿಸಿಕೊಳ್ಳುತ್ತಿದ್ದೆ.

ಒಂಬತ್ತನೇ ದಿನ ಮಧ್ಯಾಹ್ನ ನಮ್ಮ ಪಾಲಿನ ಕೊನೆಯ ಸೇತುವೆ ಬಂತು. ಅದರಾಚೆ ಮುಂದಿನ ಸುರಂಗದವರೆಗೆ ಮುನ್ನೂರು ಮೀಟರ್ ಉಳಿದಿತ್ತು, ಅದರಲ್ಲಿ ಎರಡು ಮೋರಿ. ಈ ಸೇತುವೆ ಸಣ್ಣದಲ್ಲ. ತಿರುವಿನಲ್ಲಿತ್ತು, ಒಂದು ಬದಿಗೆ ಓರೆಯಾಗಿತ್ತು, ಕಂಬಗಳ ಬುಡ ಮರಗಳ ನಡುವೆ ಕಾಣುತ್ತಲೇ ಇರಲಿಲ್ಲ. ನಾನು ಎಂಟು ಹತ್ತು ಹೆಜ್ಜೆ ಹೋದೆ. ತಗಡು ಮುಗಿಯಿತು. ಮುಂದಿನ ಸ್ಲೀಪರಿನ ಮೇಲೆ ಕಾಲಿಡಬೇಕು. ಸಂದಿಯಲ್ಲಿ ಕೆಳಗೆ ಬಿಳಿಯಾಗಿ ಏನೋ ಹೊಳೆಯಿತು. ಕಾಲು ಎತ್ತಲಾಗಲಿಲ್ಲ. ಎತ್ತಲಾಗಲಿಲ್ಲ ಎಂದರೆ ಮನಸ್ಸಾಗಲಿಲ್ಲ ಎಂದಲ್ಲ, ಕಾಲು ನನ್ನದಾಗಿರಲಿಲ್ಲ. ಮೊಣಕಾಲೂರಿ, ಹಳಿಯನ್ನು ಎರಡೂ ಕೈಯಲ್ಲಿ ಹಿಡಿದು, ಹಿಮ್ಮುಖವಾಗಿ ತೆವಳುತ್ತಾ ಬಂದೆ. ಅದೇ ಹೊತ್ತಿಗೆ ಸುರಂಗದ ಕಡೆಯಿಂದ ಐದಾರು ಕಾಲೇಜು ಹುಡುಗರು ಹಾಡು ಹೇಳಿಕೊಂಡು ಬಂದವರು, ಬೆನ್ನಿಗೆ ಚೀಲ ಹಾಕಿಕೊಂಡು, ಸ್ಲೀಪರಿನಿಂದ ಸ್ಲೀಪರಿಗೆ ಹಾರುತ್ತಾ ದಾಟಿಬಿಟ್ಟರು. ಒಬ್ಬ ನಿಂತು, “ಹೆಲ್ಪ್ ಬೇಕಾ ಸಾರ್?” ಎಂದ. ಬೇಡವೆಂದೆ. ಕ್ಯಾಮೆರಾದ ಮುಚ್ಚಳ ಬಿದ್ದಿತ್ತು ಹುಡುಕುತ್ತಿದ್ದೆ ಎಂದೆ. ಮುಚ್ಚಳ ನನ್ನ ಜೇಬಿನಲ್ಲಿತ್ತು.

ಮೇಟಣ್ಣ ಏನೂ ನೋಡದವರಂತೆ ಬುತ್ತಿ ಬಿಚ್ಚಿದರು. ಬಾಳೆಲೆಯಲ್ಲಿ ಅಕ್ಕಿರೊಟ್ಟಿ, ಕಾಯಿಚಟ್ನಿ. ಅರ್ಧ ರೊಟ್ಟಿ ನನ್ನ ಕಡೆ ಸರಿಸಿ ಹೇಳಿದರು: “ಕೆಳಗಡೆಯಿಂದ್ಲೂ ದಾರಿ ಅದೆ. ಹಳ್ಳಕ್ಕೆ ಇಳ್ದು ಆ ಕಡೆ ಹತ್ತಬೌದು. ಒಂದೂವರೆ ಗಂಟೆ ಹಿಡಿತದೆ. ನಾನೂ ಬತ್ತೀನಿ.”

“ಟೈಮ್ ಎಲ್ಲಿದೆ ಮೇಟಣ್ಣ. ಹುಡುಗ ಹೋಗಿ ಅಳತೆ ತರಲಿ. ಈ ಕಡೆ ಇರೋ ಹಾಗೇ ಆ ಕಡೇನೂ ಇರತ್ತೆ.”

ಗಡಿಯಾರದಲ್ಲಿ ಆಗ ಹನ್ನೆರಡೂವರೆ. ಹುಡುಗ ಕುಣಿಯುತ್ತಾ ಹೋಗಿ ಅಳತೆ ತಂದ. ಮೇಟಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, ಎಲೆಅಡಿಕೆ ಮೆಲ್ಲುತ್ತಾ ಮತ್ತೆ ಹೇಳಿದರು:

“ಮೊದಲ್ನೇದು ಪರ್ವಾಗಿಲ್ಲ. ಎರಡನೇ ಮೋರಿ ಬಾಯಿ ಕಟ್ಟೋಗದೆ ಸ್ವಾಮಿ. ಹೋದ ಮಳೇಲಿ ಮೇಲಿಂದ ಮರ ಉರುಳಿ ಬಂದು ಅಡ್ಡ ಕೂತದೆ. ನಾನೇ ನೋಡಿದ್ದೀನಿ. ಬರ್ಕೊಳಿ.”

“ಬರ್ಕೋತೀನಿ,” ಎಂದೆ.

ಅವತ್ತು ರಾತ್ರಿ ಎಡಕುಮೇರಿ ಸ್ಟೇಷನ್ನಿನ ಹಾಳು ಕೋಣೆಯಲ್ಲಿ ಮೋಂಬತ್ತಿ ಹಚ್ಚಿಕೊಂಡು ಫಾರಂ ತುಂಬಿದೆ. ‘ಕೆಟ್ಟಿದೆ’ ಎಂದು ಬರೆದರೆ ಫೋಟೊ ಎಲ್ಲಿ ಎಂದು ಕೇಳುತ್ತಾರೆ. ಫೋಟೊ ಇಲ್ಲವೆಂದರೆ ಯಾಕೆ ಹೋಗಲಿಲ್ಲ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಒಂದೇ ಇತ್ತು. ಒಂಬತ್ತನೇ ಕಾಲಂನಲ್ಲಿ ಎರಡಕ್ಕೂ ‘ಸಾಧಾರಣ’ ಎಂದು ಬರೆದೆ. ಹಾಳೆಯ ಕೆಳಗೆ ‘ಸ್ಥಳ ತೋರಿಸಿದವರು’ ಎಂಬ ಜಾಗವಿತ್ತು. ಮೇಟಣ್ಣನಿಗೆ ಓದು ಬರುತ್ತಿರಲಿಲ್ಲ. ಬೆಳಿಗ್ಗೆ ಇಂಕ್‌ಪ್ಯಾಡ್ ಒಡ್ಡಿದೆ. ಹೆಬ್ಬೆಟ್ಟು ಒತ್ತುವ ಮೊದಲು, “ಆ ಮೋರಿದು ಹಾಕಿದ್ರಾ?” ಎಂದು ಕೇಳಿದರು. ಹಾಕಿದ್ದೇನೆ ಎಂದೆ. ಸುಳ್ಳಲ್ಲ, ಹಾಕಿದ್ದೆನಲ್ಲ.

ಜುಲೈ ತಿಂಗಳ ಮಳೆಗೆ ಅಲ್ಲೇ ಜಾರಿತು. ಹಳಿಯ ಕೆಳಬದಿಯ ತುಂಬುಮಣ್ಣು ನಲವತ್ತು ಅಡಿಯಷ್ಟು ಅಗಲಕ್ಕೆ ಕಳಚಿಕೊಂಡು ಕಾಡಿಗೆ ಹೋಗಿತ್ತು. ರೈಲಿಲ್ಲ, ಕೆಳಗೆ ಮನೆಯಿಲ್ಲ, ಯಾರಿಗೂ ಏನೂ ಆಗಲಿಲ್ಲ. ಮಳೆ ಬಿಡುವು ಕೊಟ್ಟಾಗ ನಮ್ಮ ಕಂಪನಿಯ ಯಜಮಾನರ ಜೊತೆ ಹೋದೆ. ಈ ಸಲ ಸುಬ್ರಹ್ಮಣ್ಯದ ಕಡೆಯಿಂದ ಹತ್ತಿ ಬಂದೆವು, ಹಾಗಾಗಿ ಆ ಸೇತುವೆ ದಾಟಬೇಕಾಗಲಿಲ್ಲ. ಸುರಂಗದಿಂದ ಹೊರಬರುತ್ತಲೇ ಕಾಣಿಸಿತು. ಮಣ್ಣು ಹೋಗಿ ಹಳಿ ಮಾತ್ರ ಉಳಿದಿತ್ತು. ಎರಡು ಕಂಬಿ, ಅವಕ್ಕೆ ಕಚ್ಚಿಕೊಂಡ ಕಬ್ಬಿಣದ ಸ್ಲೀಪರುಗಳು, ಗಾಳಿಯಲ್ಲಿ ನೇತಾಡುವ ನೂಲೇಣಿಯ ಹಾಗೆ. ಪಕ್ಕದಲ್ಲಿ ಮೋರಿಯ ಬಾಯಿ. ಅಡ್ಡ ಕೂತ ಮರ ಹಾಗೇ ಇತ್ತು, ಅದರ ಹಿಂದೆ ಎಲೆ, ಕಲ್ಲು, ಕೆಸರು ಗಚ್ಚಿನಂತೆ ಕೂತಿತ್ತು. ಮೊದಲ ಬಾರಿಗೆ ನಾನು ಅದನ್ನು ನೋಡುತ್ತಿದ್ದೆ.

ಯಜಮಾನರು ಫೈಲಿನಿಂದ ನನ್ನ ಹಾಳೆ ತೆಗೆದರು. ಮರದ ಮೇಲೆ ಅಣಬೆ ಬೆಳೆದಿತ್ತು, ಅದು ನಿನ್ನೆ ಮೊನ್ನೆ ಬಿದ್ದದ್ದಲ್ಲ ಎಂದು ಯಾರಿಗಾದರೂ ಗೊತ್ತಾಗುವಂತಿತ್ತು.

“ಇದನ್ನ ನೋಡಿದ್ದು ಯಾರು?”

“ಮೇಟ್ ತೋರಿಸಿದ್ರು ಸಾರ್,” ಎಂದೆ.

ಅಷ್ಟೇ. ನಾನು ಹೇಳಿದ್ದು ಅಷ್ಟೇ ಮಾತು. ಅವರು ಹಾಳೆಯ ಕೆಳಗಿನ ಹೆಬ್ಬೆಟ್ಟು ನೋಡಿದರು, “ಮುದುಕರನ್ನ ಕಟ್ಕೊಂಡ್ರೆ ಹಿಂಗೇ” ಎಂದು ಹಾಳೆ ಮಡಚಿದರು. ಮುಂದಿನ ಹಂಗಾಮಿಗೆ ಮೇಟಣ್ಣನನ್ನು ಕರೆಸಲಿಲ್ಲ. ಯಾಕೆಂದು ಅವರಿಗೆ ಯಾರೂ ಹೇಳಿರಲಾರರು. ದಿನಕ್ಕೆ ಎಂಬತ್ತು ರೂಪಾಯಿ, ಎರಡು ತಿಂಗಳ ಕೆಲಸ.

ಆಮೇಲೆ ನಾನು ಸರ್ವೆ ಬಿಟ್ಟು ಮನೆ ಕಟ್ಟಿಸುವ ಗುತ್ತಿಗೆಗೆ ಬಂದೆ. ಈಗಲೂ ಎರಡನೇ ಮಹಡಿಯ ಸಾರುವೆ ಹತ್ತಬೇಕಾದರೆ ಬೆವರುತ್ತೇನೆ, ಈಗ ಮೇಸ್ತ್ರಿಗಳಿಗೆ ಅದನ್ನು ಹೇಳುತ್ತೇನೆ, ಅವರು ನಗುತ್ತಾರೆ. ಘಟ್ಟದ ರೈಲುಗಳ ಇತಿಹಾಸ ಓದುವ ಚಟವೊಂದು ಮಾತ್ರ ಉಳಿಯಿತು. ಮುಂಬಯಿ–ಪುಣೆ ನಡುವಿನ ಭೋರ್ ಘಟ್ಟದ ಮಾರ್ಗ 1863ರಲ್ಲಿ ತೆರೆಯಿತು. ಮೂವತ್ತೇಳಕ್ಕೆ ಒಂದರ ಇಳಿಜಾರು, ನಮ್ಮದಕ್ಕಿಂತ ಕಡಿದು. ಗುಡ್ಡ ಸುತ್ತಲು ಜಾಗ ಸಾಲದೆ ರೈಲನ್ನು ಒಂದು ಕಡೆ ನಿಲ್ಲಿಸಿ, ಎಂಜಿನ್ನನ್ನು ಆ ತುದಿಯಿಂದ ಈ ತುದಿಗೆ ತಂದು, ಹಿಮ್ಮುಖವಾಗಿ ಹತ್ತಿಸುತ್ತಿದ್ದರು. 1929ರಲ್ಲಿ ಹೊಸ ಸುರಂಗಗಳಾದ ಮೇಲೆ ಆ ನಿಲ್ದಾಣವನ್ನು ಬಿಟ್ಟರು. ಅಲ್ಲಿ ಗುತ್ತಿಗೆ ಹಿಡಿದಿದ್ದ ಸೊಲೊಮನ್ ಟ್ರೆಡ್‌ವೆಲ್ 1859ರಲ್ಲಿ ಇಂಡಿಯಾಕ್ಕೆ ಬಂದ ಸ್ವಲ್ಪದರಲ್ಲೇ ಕಾಯಿಲೆಯಿಂದ ಸತ್ತಾಗ ಅವನ ಹೆಂಡತಿ ಆಲಿಸ್ ಗುತ್ತಿಗೆಯನ್ನು ಕೈಗೆತ್ತಿಕೊಂಡು ಮುಗಿಸಿದಳು. ಇದನ್ನು ಓದುವಾಗೆಲ್ಲ ಖುಷಿಯಾಗುತ್ತದೆ. ಆದರೆ ನಾನು ತಿರುಗಿ ತಿರುಗಿ ಹೋಗುವುದು ಇನ್ನೊಂದು ಪುಟಕ್ಕೆ. ಮಾರ್ಗ ತೆರೆದ ನಾಲ್ಕೇ ವರ್ಷಕ್ಕೆ, 1867ರ ಮಳೆಗಾಲದಲ್ಲಿ, ಅಲ್ಲಿನ ಒಂದು ದೊಡ್ಡ ಕಲ್ಲುಕಮಾನಿನ ಸೇತುವೆ ಕುಸಿಯಿತು. ಕಾರಣ ಹುಡುಕಿದವರಿಗೆ ಸಿಕ್ಕಿದ್ದು ಕಳಪೆ ಗಾರೆಕೆಲಸ. ಅಂಥ ಕೆಲಸದ ಮೇಲೂ ಯಾರೋ ಒಬ್ಬ, ಬಿಸಿಲಿಗೋ ಜ್ವರಕ್ಕೋ ಎತ್ತರಕ್ಕೋ ಹೆದರಿ ಹತ್ತಿರ ಹೋಗದೆ, ‘ಸಾಧಾರಣ’ ಎಂದು ಬರೆದಿರಬಹುದು ಅನ್ನಿಸುತ್ತದೆ. ಇದು ನನ್ನ ಊಹೆ, ನನ್ನಂಥವನಿಗೆ ಮಾತ್ರ ಬರುವ ಊಹೆ.

2006ರಲ್ಲಿ ಗೂಡ್ಸ್ ಓಡಲು ಶುರುವಾದ ಸುದ್ದಿ ಬಂದ ವರ್ಷ, ದೀಪಾವಳಿ ಕಳೆದ ಮೇಲೆ, ಬೈಕು ಹತ್ತಿ ದೋಣಿಗಾಲ್ ಕಡೆ ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮೇಟಣ್ಣ ಜಗಲಿಯಲ್ಲಿ ಕೂತು ಕಾಫಿ ಬೀಜ ಆರಿಸುತ್ತಿದ್ದರು, ಕಣ್ಣಿಗಿಂತ ಬೆರಳನ್ನೇ ನಂಬಿ. ಗುರುತು ಹೇಳಿದೆ. “ಓ, ಕ್ಯಾಮೆರಾ ಸ್ವಾಮಿ” ಎಂದರು. ಸೊಸೆ ಬೆಲ್ಲದ ಕಾಫಿ ತಂದಿಟ್ಟಳು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳನ್ನು ಒಂದೇ ಉಸಿರಿಗೆ ಹೇಳಿದೆ. ಸೇತುವೆ, ಫಾರಂ, ಹೆಬ್ಬೆಟ್ಟು, ಯಜಮಾನರ ಮುಂದೆ ಆಡಿದ ಮಾತು. ತಪ್ಪಾಯಿತು ಎಂದೆ.

ಅವರು ಬೀಜ ಆರಿಸುವುದನ್ನು ನಿಲ್ಲಿಸಲಿಲ್ಲ.

“ಕಾಲು ನಡುಗ್ತಿದ್ದದ್ದು ಗೊತ್ತಿತ್ತು. ಅದ್ಕೇ ಕೆಳಗಡೆ ದಾರಿ ಹೇಳಿದ್ದು.”

ಸ್ವಲ್ಪ ಹೊತ್ತಿನ ಮೇಲೆ, “ಆ ಕೆಲ್ಸ ಹೋಗಿದ್ದು ಅದ್ಕೇನಾ?” ಎಂದರು. ಹೌದೆಂದೆ. “ನಾನು ವಯಸ್ಸಾಯ್ತು ಅಂತ ಬಿಟ್ರೇನೋ ಅಂದ್ಕಂಡಿದ್ದೆ,” ಎಂದರು. ಅವರ ಮುಖದಲ್ಲಿ ಕೋಪ ಕಾಣಲಿಲ್ಲ. ಕಂಡಿದ್ದರೆ ಸಲೀಸಾಗಿರುತ್ತಿತ್ತು. ಅಷ್ಟು ವರ್ಷ ಅವರು ತಮ್ಮ ವಯಸ್ಸನ್ನು ದೂರಿಕೊಂಡು ಕೂತಿದ್ದರು ಎಂಬುದು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ.

ಕೆಳಗೆ ಕಣಿವೆಯ ಕಡೆಯಿಂದ ಎಂಜಿನ್ನಿನ ಸದ್ದು ಕೇಳಿಸಿತು. ಗೂಡ್ಸ್ ಹತ್ತುತ್ತಿತ್ತು. ಸದ್ದು ಒಂದು ಸುರಂಗದೊಳಗೆ ಹೊಕ್ಕು ಕಡಿಮೆಯಾಗಿ, ಮತ್ತೆ ಹೊರಬಂದು ಜೋರಾಗುವವರೆಗೆ ಮೇಟಣ್ಣ ತಲೆ ಓರೆ ಮಾಡಿಕೊಂಡು ಆಲಿಸಿದರು.

“ಹೊಸ ಹಳಿ ಹಾಕ್ವಾಗ ಆ ಎರಡನೇ ಮೋರೀನ ದೊಡ್ಡದು ಮಾಡುದ್ರಾ ಸ್ವಾಮಿ? ಮೇಲಿನ ಚರಂಡಿ ಬಿಡಿಸುದ್ರಾ?”

ನಾನು ಕಾಫಿ ಲೋಟವನ್ನು ಕೈಯಲ್ಲಿ ಹಿಡಿದು ಕೂತೆ. ನೋಡಿಕೊಂಡು ಬಂದಿರಲಿಲ್ಲ.